“ಮೊದಲು ಸೋಲಾರ್ ಹಾಕಿಸ್ಲಾ?” ಎಂದು ಕೇಳುವವರಿಗೆ

“ಮನೇನ ಸ್ವಲ್ಪ ಪರಿಸರಸ್ನೇಹಿ ಮಾಡೋಣ ಅಂತಿದೀವಿ. ಮೊದಲು ಸೋಲಾರ್ ಹಾಕಿಸ್ಲಾ?” ಮದುವೆ ಊಟದ ಪಂಕ್ತಿಯಲ್ಲಿ ಈ ಪ್ರಶ್ನೆ ಬಂದಿದೆ. ಆಫೀಸಿನ ಲಿಫ್ಟಿನಲ್ಲಿ ಬಂದಿದೆ. ನಮ್ಮ ಗೇಟಿನ ಪಕ್ಕದ ಕಬ್ಬಿಣದ ಮುಚ್ಚಳ ನೋಡಿ “ಇದೇನ್ ಸಾರ್?” ಎಂದು ನಿಂತವರೂ ಮಾತು ಮುಗಿಸುವುದು ಇದೇ ಪ್ರಶ್ನೆಯಿಂದ. ಕೇಳುವವರಲ್ಲಿ ಜಾಸ್ತಿ ಜನ ಬೆಂಗಳೂರಿನವರು, ಥರ್ಟಿ ಫಾರ್ಟಿ ಸೈಟಿನಲ್ಲಿ ಸ್ವಂತ ಮನೆ ಕಟ್ಟಿಕೊಂಡವರು. ಹಾಗಾಗಿ ಈ ಉತ್ತರ ಮುಖ್ಯವಾಗಿ ಅವರಿಗೆ. ಅಪಾರ್ಟ್‌ಮೆಂಟಿನವರ ಕಷ್ಟಸುಖವೇ ಬೇರೆ. ಅಲ್ಲಿ ಪೈಪು ಹಾಕೋದಕ್ಕಿಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಒಪ್ಪಿಸೋದೇ ದೊಡ್ಡ ಕೆಲಸ.

ನನ್ನ ಉತ್ತರ ಇಷ್ಟೇ: ಮೊದಲು ತಾರಸಿ ನೀರು, ಆಮೇಲೆ ಅಡುಗೆಮನೆ ಕಸ. ಸೋಲಾರ್ ಬೇಕೋ ಬೇಡವೋ ಅನ್ನೋದನ್ನ ನಿಮ್ಮ ಕರೆಂಟ್ ಬಿಲ್ ನೋಡಿ ಹೇಳ್ತೀನಿ. ಹೊಸದನ್ನು ಕೊಂಡು ತರುವ ಮೊದಲು, ಮನೆಯಿಂದ ಸುಮ್ನೆ ಆಚೆ ಹೋಗ್ತಿರೋದನ್ನ ಹಿಡಿದಿಟ್ಟುಕೊಳ್ಳಿ.

ನೀರಿನ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರಡಿ ತಾರಸಿ ಅಂದರೆ 93 ಚದರ ಮೀಟರ್. ಗುಣಿಸಿದರೆ 90 ಸಾವಿರ ಲೀಟರ್. ಆವಿಯಾಗಿದ್ದು, ಚೆಲ್ಲಿದ್ದು, ಮೊದಲ ಮಳೆಗೆ ಹೊರಗೆ ಬಿಟ್ಟಿದ್ದು ಎಂದು ಐದರಲ್ಲಿ ಒಂದು ಪಾಲು ಕಳೆಯಿರಿ. ಆದರೂ 70 ಸಾವಿರ ಲೀಟರ್ ಮೇಲೆ ಉಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕದಲ್ಲಿ ನಾಲ್ಕು ಜನರ ಸಂಸಾರಕ್ಕೆ ಇದು ನಾಲ್ಕು ತಿಂಗಳ ನೀರು. ಇಷ್ಟು ನೀರನ್ನು ಮೋರಿಗೆ ಬಿಟ್ಟು, ಮಾರ್ಚ್ ಬಂದ ಕೂಡಲೇ ಟ್ಯಾಂಕರಿನವನಿಗೆ ಫೋನ್ ಮಾಡುತ್ತೇವೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅಂತಾರಲ್ಲ, ಅದೇ.

2024ರ ಬೇಸಿಗೆ ನೆನಪಿದೆಯಲ್ವಾ? ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5 ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. 12 ಸಾವಿರ ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ ಸಾವಿರ ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿಗೆ. “ಇನ್ನೇನು ಬಿಡಿ ಸಾರ್, ಕಾವೇರಿ ಬಂತಲ್ಲ” ಅನ್ನುವವರಿಗೆ ಒಂದು ಮಾತು. ಆ ನೀರು ಸುಮ್ನೆ ಹರಿದು ಬರೋದಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ, ಹಂತ ಹಂತವಾಗಿ ಪಂಪು ಮಾಡಿ ಏರಿಸಿದ ನೀರು. ನಲ್ಲಿ ತಿರುಗಿಸಿದಾಗ ಬರುವ ಪ್ರತಿ ಕೊಡದ ಹಿಂದೆ ಕರೆಂಟ್ ಇದೆ. ಸೋಲಾರಿಗೆ ಮೊದಲು ತಾರಸಿ ನೀರು ಎನ್ನಲು ಇದೂ ಒಂದು ಕಾರಣ.

ಇನ್ನು ದುಡ್ಡಿನ ಮಾತು. ಆ ದರದಲ್ಲಿ 70 ಸಾವಿರ ಲೀಟರ್ ಅಂದರೆ ಆರು ಟ್ಯಾಂಕರ್, ವರ್ಷಕ್ಕೆ ಆರು ಸಾವಿರ ರೂಪಾಯಿ. ಹಾಕಿದ ದುಡ್ಡು ಎರಡೇ ವರ್ಷದಲ್ಲಿ ವಾಪಸ್ ಬರತ್ತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟ್ಯಾಂಕರ್ ಬೇಕಾದಾಗ ಸಿಗದೇ ಇರುವ ದಿನಗಳಿಗೆ ಬೆಲೆ ಕಟ್ಟಿಕೊಳ್ಳುವುದು ನಿಮಗೆ ಬಿಟ್ಟಿದ್ದು.

ಕೆಲಸ ಏನೇನು? ತಾರಸಿಯಿಂದ ಇಳಿಯುವ ಪೈಪುಗಳನ್ನು ಒಂದು ಕಡೆಗೆ ತರಬೇಕು. ಕೆಳಗೆ, ಕೈಗೆ ಸಿಗುವ ಎತ್ತರದಲ್ಲಿ ಒಂದು ‘T’ ಆಕಾರದ ಪೈಪ್ ಜೋಡಣೆ ಹಾಕಿ, ತಿರುಗಿಸಿ ತೆಗೆಯುವಂಥ ಮುಚ್ಚಳ ಇಡಿಸಬೇಕು. ಮೊದಲ ಮಳೆ ಬಂದಾಗ ಆ ಮುಚ್ಚಳ ತೆಗೆದು ನಿಂತು ನೋಡಿ. ಮೊದಲು ಬರುವುದು ಚಹಾ ಬಣ್ಣದ ನೀರು. ಪಾರಿವಾಳದ ಹಿಕ್ಕೆ, ಪಕ್ಕದ ಮನೆ ತೆಂಗಿನ ಹೂವಿನ ಸಿಪ್ಪೆ, ಬೇಸಿಗೆಯ ಅಷ್ಟೂ ಧೂಳು ಅದರಲ್ಲಿರುತ್ತದೆ. ಹತ್ತು ಹದಿನೈದು ನಿಮಿಷ ಜೋರಾಗಿ ಸುರಿದ ಮೇಲೆ ನೀರು ತಿಳಿಯಾಗುತ್ತದೆ. ಆಗ ಮುಚ್ಚಳ ಹಾಕಿದರೆ ಫಿಲ್ಟರಿಗೆ ಹೋಗಿ, ಅಲ್ಲಿಂದ ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿಯುತ್ತದೆ. ದೀಪಾವಳಿ ಮುಗಿದ ಮೇಲಿನ ಮೊದಲ ಮಳೆಗೂ ಹೀಗೇ ಮಾಡಿ. ತಾರಸಿ ತುಂಬ ಪಟಾಕಿ ಮಸಿ ಇರುತ್ತೆ.

ಫಿಲ್ಟರ್ ಅಂದರೆ ದೊಡ್ಡ ಯಂತ್ರವೇನಲ್ಲ. ಅಂಗಡಿಯಲ್ಲಿ ಜಾಲರಿಯ ರೆಡಿಮೇಡ್ ಫಿಲ್ಟರ್ ಸಿಗುತ್ತದೆ. ಇಲ್ಲದಿದ್ದರೆ ಒಂದು ನೀಲಿ ಡ್ರಮ್ಮಿನಲ್ಲಿ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ತುಂಬಿಸಿದರೂ ಕೆಲಸ ನಡೆಯುತ್ತದೆ. ಯಾವುದೇ ಆಗಲಿ, ಮಳೆಗಾಲದಲ್ಲಿ ತೆಗೆದು ತೊಳೀತಾ ಇರಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಜಾಲರಿ ಕಟ್ಟಿಕೊಂಡು ನೀರೆಲ್ಲ ಹಿಂದಕ್ಕೆ ಒತ್ತಿ ತಾರಸಿ ಮೇಲೆ ನಿಲ್ಲುತ್ತದೆ. ಆಮೇಲೆ “ಮಳೆನೀರು ಕೊಯ್ಲಿನಿಂದ ಮನೆ ಸೋರಿತು” ಎಂಬ ಅಪವಾದ ಬೇರೆ.

ಸಂಪಿಗೆ ಮಳೆನೀರು ಬಂದಿದೆ ಎಂದು ಅಡುಗೆಮನೆಯೇ ಹೇಳುತ್ತದೆ. ಬೋರ್ ನೀರಲ್ಲಿ ಬೇಯದೆ ಕೂತಿರುವ ತೊಗರಿಬೇಳೆ ಮಳೆನೀರಲ್ಲಿ ಬೇಗ ಬೆಂದು ಕರಗುತ್ತದೆ. ಸೋಪು ನೊರೆ ಬರುತ್ತದೆ. ಗೀಸರಿನ ಒಳಗೆ, ಸೋಲಾರ್ ವಾಟರ್ ಹೀಟರಿನ ಕೊಳವೆಗಳಲ್ಲಿ ಬಿಳಿ ಪದರ ಕಟ್ಟುವುದು ಕಡಿಮೆಯಾಗುತ್ತದೆ. ಕುಡಿಯುವುದಕ್ಕೆ ಮಾತ್ರ ಕುದಿಸಿಯೇ ಬಳಸಿ.

ಬೆಂಗಳೂರಿಗೆ ಇನ್ನೊಂದು ಅದೃಷ್ಟ ಇದೆ. ಇಲ್ಲಿ ಮಳೆ ಎರಡು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ. ಅಶ್ವಿನಿ, ಭರಣಿಯಲ್ಲಿ ಶುರುವಾಗಿ ಉತ್ತರೆ, ಹಸ್ತ, ಚಿತ್ತೆಯವರೆಗೆ ಬಿಟ್ಟು ಬಿಟ್ಟು ಬರುತ್ತದೆ. ಅದಕ್ಕೇ ಎಂಟು ಹತ್ತು ಸಾವಿರ ಲೀಟರಿನ ಮಾಮೂಲಿ ಸಂಪು ಸಾಕು. ತುಂಬುತ್ತದೆ, ಖರ್ಚಾಗುತ್ತದೆ, ಮತ್ತೆ ತುಂಬುತ್ತದೆ. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ‘ಸೌರಭ’ ಮನೆ 1995ರಿಂದ ಮಳೆನೀರನ್ನೇ ನಂಬಿಕೊಂಡು ನಡೆದಿದೆ. ಎಲ್ಲರೂ ಅಲ್ಲಿಯವರೆಗೆ ಹೋಗಬೇಕಿಲ್ಲ. ಆದರೆ “ಬೆಂಗಳೂರಲ್ಲಿ ಇದೆಲ್ಲ ಆಗಲ್ಲ” ಅನ್ನುವವರಿಗೆ ಆ ಮನೆಯ ವಿಳಾಸ ಸಾಕು.

ಸಂಪು ತುಂಬಿ ಮಿಕ್ಕಿದ ನೀರನ್ನು ನೆಲಕ್ಕೆ ಇಂಗಿಸಲು ಇಂಗುಬಾವಿ. ನಮ್ಮ ಗೇಟಿನ ಪಕ್ಕದ ಆ ಮುಚ್ಚಳದ ಕೆಳಗಿರುವುದು ಅದೇ. ಮೂರಡಿ ಅಗಲ, ಇಪ್ಪತ್ತಡಿ ಆಳ. ಒಂದು ಸಲ ತುಂಬಿದರೆ ಸುಮಾರು 4 ಸಾವಿರ ಲೀಟರ್ ಹಿಡಿಯುತ್ತದೆ. 50 ಮಿಲಿಮೀಟರಿನ ದೊಡ್ಡ ಮಳೆಗೆ ಸಾವಿರ ಚದರಡಿ ತಾರಸಿಯಿಂದ ಬರುವುದು 4,600 ಲೀಟರ್. ಅಳತೆ ಹೇಗೆ ಹೊಂದಿಕೊಂಡಿದೆ ನೋಡಿ.

ಇದನ್ನು ತೋಡುವವರು ಮಣ್ಣು ವಡ್ಡರು. ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದವರು. ಸರ್ಜಾಪುರ ರಸ್ತೆ ಕಡೆಯ ಭೋವಿಪಾಳ್ಯದಲ್ಲಿ ಈ ಕೆಲಸದವರು ಈಗಲೂ ಇದ್ದಾರೆ. ಕೊಳವೆಬಾವಿ ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದವರಿಗೆ ಇಂಗುಬಾವಿಯಿಂದ ಮತ್ತೆ ಕೈತುಂಬ ಕೆಲಸ ಸಿಕ್ಕಿದೆ. ಅವರು ಕೆಲಸ ಮಾಡೋದನ್ನು ನೋಡೋದೇ ಚೆಂದ. ಒಬ್ಬರು ಒಳಗೆ ಕೂತು ಸಣ್ಣ ಹಿಡಿಯ ಗುದ್ದಲಿಯಲ್ಲಿ ಸುತ್ತ ಕೆತ್ತುತ್ತಾರೆ, ಇಬ್ಬರು ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮಣ್ಣು ಎಳೆಯುತ್ತಾರೆ. ಮೇಲಿನ ಕೆಂಪು ಮಣ್ಣು ಕಳೆದು ಒಳಗಿನ ಗರಸು ಮಣ್ಣು, ಅಂದರೆ ಮೊರಂ, ಸಿಕ್ಕಾಗ ಒಂದು ಹಿಡಿ ಮೇಲಕ್ಕೆ ಕಳಿಸಿ, “ಇದು ನೀರು ಕುಡಿಯೋ ಮಣ್ಣು” ಎಂದು ತೋರಿಸುತ್ತಾರೆ. ಆಮೇಲೆ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ರಿಂಗಿಗೂ ಮಣ್ಣಿಗೂ ನಡುವೆ ಜಲ್ಲಿ ಸುರಿಯುತ್ತಾರೆ. ತಳಕ್ಕೆ ಕಾಂಕ್ರೀಟ್ ಹಾಕಬಾರದು. ಬಾವಿಯೊಳಗೆ ಕಲ್ಲು ತುಂಬಿಸಲೂಬಾರದು. ಕಲ್ಲು ತುಂಬಿಸಿದರೆ ನೀರಿಗೆ ಜಾಗ ಎಲ್ಲಿ? ಹೂಳು ತೆಗೆಯಲು ಒಳಗೆ ಇಳಿಯೋದು ಹೇಗೆ? ಮಣ್ಣು, ಆಳ ನೋಡಿಕೊಂಡು 30ರಿಂದ 40 ಸಾವಿರ ರೂಪಾಯಿ ಆಗುತ್ತದೆ. ಬಚ್ಚಲ ನೀರು, ಬಟ್ಟೆ ಒಗೆದ ನೀರನ್ನು ಮಾತ್ರ ಇದಕ್ಕೆ ಬಿಡಲೇಬೇಡಿ. ನಾಳೆ ಅದು ಯಾರದೋ ಬೋರಿನಲ್ಲಿ ಮೇಲೆ ಬರುತ್ತದೆ, ನಿಮ್ಮದರಲ್ಲೂ ಬರಬಹುದು.

ಅಂದಹಾಗೆ ಇದು ಇಷ್ಟವಿದ್ದರೆ ಮಾಡುವ ಕೆಲಸವೂ ಅಲ್ಲ. 2009ರಲ್ಲಿ ಕಾನೂನು ತಿದ್ದುಪಡಿಯಾಗಿ ಹೊಸ ಮನೆಗಳಿಗೆ 30-40 ಸೈಟಿನಿಂದ, ಹಳೆಯ ಮನೆಗಳಿಗೆ 60-40 ಸೈಟಿನಿಂದ ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಮಾಡಿಸದಿದ್ದರೆ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಇನ್‌ಸ್ಪೆಕ್ಷನ್‌ಗೆ ತೋರಿಸಲು ಒಂದು ಪೈಪು, ಒಂದು ಖಾಲಿ ಡ್ರಮ್ ನಿಲ್ಲಿಸಿದವರೂ ನಮ್ಮ ನಡುವೆ ಕಡಿಮೆಯಿಲ್ಲ.

ನೀರು ಸಾಕು, ಈಗ ಕಸಕ್ಕೆ ಬರೋಣ. 2015ರ ಡಿಸೆಂಬರಿನಿಂದ ಹೈಕೋರ್ಟ್ ಆದೇಶದಂತೆ ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಕೊಡುತ್ತಿದ್ದೇವೆ. ಅರ್ಧ ಕೆಲಸ ಆಗಿಯೇ ಇದೆ. ಹಸಿ ಕಸವನ್ನು ಗಾಡಿಗೆ ಹಾಕುವ ಬದಲು ತೂತಿರುವ ಒಂದು ಹಳೆ ಬಕೆಟ್ಟಿಗೋ ಮಣ್ಣಿನ ಕುಂಡಕ್ಕೋ ಹಾಕಿ. ಒಂದು ಪದರ ತರಕಾರಿ ಸಿಪ್ಪೆ, ಅದರ ಮೇಲೆ ಎರಡರಷ್ಟು ಒಣ ಎಲೆ, ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಚಿಮುಕಿಸಿ ಕೈಯಾಡಿಸಿ. ವಾಸನೆ ಬಂತು ಅಂದರೆ ಒದ್ದೆ ಜಾಸ್ತಿಯಾಗಿದೆ ಎಂದರ್ಥ, ಇನ್ನಷ್ಟು ಎಲೆ ಹಾಕಿ. ಬಿಳಿ ಹುಳ ಕಂಡರೆ ಕಿರುಚಬೇಡಿ, ಅವು ನಿಮ್ಮ ಕೆಲಸದವರು. ಎಲೆಗೇನು ಬರವಿಲ್ಲ. ಶಿವರಾತ್ರಿ ಹೊತ್ತಿಗೆ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಆಗ ಎರಡು ಗೋಣಿಚೀಲ ತುಂಬಿಸಿಟ್ಟುಕೊಂಡರೆ ಬಹಳ ದಿನಕ್ಕೆ ಬರುತ್ತದೆ. ಅದಕ್ಕೆ ಬೆಂಕಿ ಹಚ್ಚುವವರ ಕೈಯಿಂದ ತಪ್ಪಿಸಿದ ಪುಣ್ಯವೂ ನಿಮ್ಮದೇ.

ತೋಟದ ವಿಷಯದಲ್ಲಿ ನಾನು ಸ್ವಲ್ಪ ಖಡಕ್. ಲಾನ್ ಬೇಡ. ಹಾಸಿನಷ್ಟಗಲ ಹುಲ್ಲಿಗೆ ದಿನಾ ನೀರು, ತಿಂಗಳಿಗೊಮ್ಮೆ ಕತ್ತರಿಸುವವರಿಗೆ ಕೂಲಿ, ಕೊನೆಗೆ ಒಂದು ಸೊಪ್ಪೂ ಸಿಗಲ್ಲ. ಪ್ಲಾಸ್ಟಿಕ್ ಹುಲ್ಲಂತೂ ಬೇಡವೇ ಬೇಡ, ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಗೇಟಿನಿಂದ ಹಿತ್ತಲವರೆಗೆ ಟೈಲ್ಸ್ ಹಾಕಿಸಿದ್ದರೆ ಎರಡಡಿ ಅಗಲದ ಪಟ್ಟಿಯಷ್ಟನ್ನಾದರೂ ಕಿತ್ತು ಮಣ್ಣು ತೆರೆಯಿರಿ. ಅಷ್ಟರಲ್ಲೇ ಒಂದು ಕರಿಬೇವು, ದೊಡ್ಡಪತ್ರೆ, ಒಂದೆಲಗ, ದಾಸವಾಳ ಹಿಡಿಸುತ್ತವೆ. ಬಚ್ಚಲ ನೀರು ಹೋಗುವ ಕಡೆ ಬಾಳೆ, ಕೆಸು ನೆಡಿ. ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಅದೇ. ಸಂಜೆ ಬಿಸಿಲು ಬಡಿಯುವ ಪಶ್ಚಿಮದ ಗೋಡೆ ಇದ್ದರೆ ತೊಂಡೆಯೋ ಚಪ್ಪರದವರೆಯೋ ಹಬ್ಬಿಸಿ. ಗೋಡೆ ಕಾಯುವುದು ಕಡಿಮೆಯಾಗುತ್ತದೆ, ಪಲ್ಯಕ್ಕೂ ಆಯಿತು.

ಈಗ ಸೋಲಾರ್. 2024ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2 ಕಿಲೋವ್ಯಾಟಿಗೆ 60 ಸಾವಿರ, 3 ಅಥವಾ ಹೆಚ್ಚಿಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. 1 ಕಿಲೋವ್ಯಾಟ್ ಪ್ಯಾನೆಲ್ ಬಿಸಿಲಿರುವ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಚೆನ್ನಾಗಿದೆ. ಆದರೆ ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿಯೂ ಇದೆ. 200 ಯೂನಿಟ್ ಒಳಗೆ, ನಿಮ್ಮ ಹಳೆಯ ಸರಾಸರಿಯ ಮಿತಿಯಲ್ಲಿ ಬಳಸುವವರಿಗೆ ಬಿಲ್ಲೇ ಇಲ್ಲ. ಬಿಲ್ಲೇ ಬಾರದವರು ಪ್ಯಾನೆಲ್ಲಿಗೆ ದುಡ್ಡು ಹಾಕಿ ಉಳಿಸುವುದೇನು? ಅವರಿಗೆ ನಾನು ಹೇಳುವುದು, ಆ ದುಡ್ಡಲ್ಲಿ ಇಂಗುಬಾವಿ ತೋಡಿಸಿ, ಮಿಕ್ಕಿದ್ದರಲ್ಲಿ ಹಳೆ ಫ್ಯಾನುಗಳನ್ನು ಬದಲಾಯಿಸಿ ಎಂದು. ಹಳೆಯದು 75 ವ್ಯಾಟ್ ತಿಂದರೆ, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ಎಲೆಕ್ಟ್ರಿಕ್ ಕಾರು, ಎಸಿ ಇಟ್ಟುಕೊಂಡು 200 ದಾಟಿಸುವವರ ಮಾತು ಬೇರೆ. ದಾಟಿದರೆ ಅಷ್ಟಕ್ಕೂ ಬಿಲ್ಲು ಬರುತ್ತದಲ್ಲ, ಅವರು ಧಾರಾಳವಾಗಿ ಹಾಕಿಸಲಿ. ಬಿಸಿನೀರಿನ ಸೋಲಾರ್ ಮಾತ್ರ ಎಲ್ಲರಿಗೂ ಸರಿ.

ಮನೆಯಲ್ಲಿ ಹಿರಿಯರು “ಇದೆಲ್ಲ ಯಾಕೆ?” ಅಂದರೆ ಜಯನಗರ 5ನೇ ಬ್ಲಾಕಿನಲ್ಲಿರುವ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕಿಗೆ ಒಮ್ಮೆ ಕರೆದುಕೊಂಡು ಹೋಗಿ. ಬೇರೆ ಬೇರೆ ಮಾದರಿಗಳನ್ನು ಅಲ್ಲೇ ನಿಲ್ಲಿಸಿದ್ದಾರೆ, ಪ್ಲಂಬರಿಗೆ ತೋರಿಸಲೂ ಅನುಕೂಲ. ಹೋಗೋದಾದರೆ ಸಂಕ್ರಾಂತಿ ಮುಗಿದ ಕೂಡಲೇ ಹೋಗಿ. ಯುಗಾದಿ ದಾಟಿದರೆ ಬಾವಿ ತೋಡುವವರೂ ಸಿಗಲ್ಲ, ಪ್ಲಂಬರೂ ಸಿಗಲ್ಲ. ಅಷ್ಟರಲ್ಲಿ ಅಶ್ವಿನಿ ಮಳೆ ಶುರುವಾಗಿರುತ್ತೆ.