18 ಇಂಚಿನ ಆಸೆ

ನವೆಂಬರ್ 14, 2023, ಮಂಗಳವಾರ
ಸ್ಯಾನ್ ಹೋಸೆ

ಮೈದುನ ಪುಟ್ಟ ತನ್ನ ಕಾರಿಗೆ 18 ಇಂಚಿನ ರಿಮ್ ಕೊಳ್ಳಲು ಹೊರಟಿದ್ದಾನೆ. ಯಾರೋ ಟೈರ್ ಸಮೇತ ಮಾರುತ್ತಿದ್ದಾರಂತೆ. ಎಂಟೂವರೆ ಇಂಚು ಅಗಲದ ರಿಮ್, 225/40 ಆರ್ 18 ಟೈರ್. "ಅತ್ತಿಗೆ, ಶನಿವಾರದೊಳಗೆ ಹೇಳದಿದ್ದರೆ ಬೇರೆಯವರ ಪಾಲಾಗುತ್ತದೆ" ಎಂದು ಅವಸರಪಡಿಸಿದ. ಅವನ ಮಾಜ್ದಾ ಎಂಎಕ್ಸ್-5 2017ರದು. ಕಂಪನಿಯಿಂದ ಬಂದದ್ದು 205/45 ಆರ್ 17. ಕೊಂಡಾಗಿನಿಂದ ಒಂದೇ ದೂರು: ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುವಿನೊಳಕ್ಕೆ ಹೋಗುವುದಿಲ್ಲ, ಹೊರಗೇ ಜಾರುತ್ತದೆ. ಅಗಲದ ಟೈರು, ದೊಡ್ಡ ರಿಮ್ಮು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದಾರೆ.

ಕಾಗದ, ಪೆನ್ನು ತೆಗೆದುಕೊಂಡು ಕೂರು ಎಂದೆ. ಈಗಿನ ಟೈರಿನ ಅಗಲ 205 ಮಿ.ಮೀ. ಅದರ ಶೇ. 45 ಎಂದರೆ ಬದಿಯ ಎತ್ತರ, 92 ಮಿ.ಮೀ. ಮೇಲೊಂದು, ಕೆಳಗೊಂದು, ನಡುವೆ 17 ಇಂಚಿನ ರಿಮ್. ಒಟ್ಟು ವ್ಯಾಸ 616. ಅವನು ಕೊಳ್ಳಬೇಕೆಂದಿರುವುದಕ್ಕೆ ಇದೇ ಲೆಕ್ಕ ಹಾಕಿದರೆ ಬದಿ 90, ವ್ಯಾಸ 637.

"ಬದಿ ಗಿಡ್ಡವಾದಷ್ಟೂ ಸ್ಟೀರಿಂಗ್ ಚುರುಕಾಗುತ್ತದೆ ಅಲ್ಲವೇ?"

ಆಗುತ್ತದೆ, ನಿಜ. ಆದರೆ ಇಲ್ಲಿ ಗಿಡ್ಡವಾದದ್ದು ಎರಡೇ ಮಿಲಿಮೀಟರ್! ಅದಕ್ಕೆ ಪ್ರತಿಯಾಗಿ ಇಡೀ ಚಕ್ರ ಶೇ. 3.4ರಷ್ಟು ದೊಡ್ಡದಾಯಿತು. ಪ್ರತಿ ಗೇರಿನಲ್ಲೂ ಎಳೆತ ಅಷ್ಟು ಸೊರಗುತ್ತದೆ. ಮೀಟರ್ 60 ಮೈಲಿ ತೋರಿಸುವಾಗ ಕಾರು 62ರಲ್ಲಿ ಓಡುತ್ತಿರುತ್ತದೆ. ಅಗಲದ ಟೈರು ಪೂರ್ತಿ ತಿರುಗಿಸಿದಾಗ ಒಳಗೆಲ್ಲಾದರೂ ಉಜ್ಜುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಉಜ್ಜದಿರಲೆಂದು ಆಫ್‌ಸೆಟ್ (ರಿಮ್ಮಿನ ನಟ್ ಕೂರುವ ಮುಖ ಅದರ ಅಗಲದ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬ ಅಳತೆ) ಕಡಿಮೆ ಇರುವ ರಿಮ್ ಆರಿಸಿದರೆ ಚಕ್ರ ಹೊರಗೆ ಸರಿಯುತ್ತದೆ, ಆಗ ರಸ್ತೆಯ ಪ್ರತಿ ಕುಳಿಯೂ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ.

ತೂಕದ ವಿಷಯಕ್ಕೆ ಬಂದಾಗ ನನ್ನ ದನಿ ಏರಿರಬೇಕು. ಇವರು ಒಳಗಿನಿಂದ ಬಂದು ಇಣುಕಿ ಹೋದರು. ಏರದೆ ಇನ್ನೇನು? ಸಾವಿರದ ಚಿಲ್ಲರೆ ಕಿಲೋ ತೂಗುವ ಕಾರು ಅದು. ಹಿಂದಿನ ಮಾದರಿಯಲ್ಲಿ ಚಕ್ರಕ್ಕೆ ಐದು ನಟ್ ಇದ್ದವು. ತೂಕ ಉಳಿಸಲೆಂದು ಇದಕ್ಕೆ ನಾಲ್ಕೇ ಕೊಟ್ಟರು. ಹಿರೋಶಿಮಾದಲ್ಲಿ ಮಾಜ್ದಾದವರು ಗ್ರಾಂ ಲೆಕ್ಕದಲ್ಲಿ ಇಳಿಸಿದ್ದನ್ನು ನಾವು ಕಿಲೋ ಲೆಕ್ಕದಲ್ಲಿ ಮರಳಿ ಹೇರುವುದೇ? ಅದೂ ಸ್ಪ್ರಿಂಗಿನ ಕೆಳಗೆ! ಉಬ್ಬಿನ ಮೇಲೆ ಎದ್ದ ಚಕ್ರ ಮತ್ತೆ ನೆಲ ಕಚ್ಚುವವರೆಗೆ ಹಿಡಿತವೇ ಇಲ್ಲ. ಚಕ್ರ ಹಗುರವಿದ್ದಷ್ಟೂ ಬೇಗ ನೆಲಕ್ಕಿಳಿಯುತ್ತದೆ. ವೇಗ ಹೆಚ್ಚಿಸುವಾಗಲಂತೂ ಟೈರಿನ ಅಂಚಿನಲ್ಲಿ ಸುತ್ತುವ ಒಂದು ಕಿಲೋ ಹೆಚ್ಚುಕಡಿಮೆ ಎರಡು ಕಿಲೋದಷ್ಟು ಭಾರ.

ನನ್ನನ್ನು ಕೇಳಿದರೆ ಕೆಳಗಿಳಿಯಬೇಕು. 16 ಇಂಚು, ಏಳು ಇಂಚು ಅಗಲದ ಹಗುರ ರಿಮ್, 205/50 ಆರ್ 16 ಟೈರ್. ವ್ಯಾಸ 611, ಈಗಿನದಕ್ಕಿಂತ ಶೇ. 1ರಷ್ಟೂ ವ್ಯತ್ಯಾಸವಿಲ್ಲ. ಇದೇ ಕಾರಿನ ಅಗ್ಗದ ಮಾದರಿಗೆ ಕಂಪನಿಯೇ 16 ಇಂಚು ಕೊಡುತ್ತದೆ. ಬ್ರೆಂಬೊ ಕಂಪನಿಯ ದೊಡ್ಡ ಬ್ರೇಕ್ ಇದ್ದಿದ್ದರೆ ರಿಮ್ಮಿನೊಳಗೆ ಜಾಗ ಅಳೆಯಬೇಕಾಗುತ್ತಿತ್ತು, ಅವನದಕ್ಕೆ ಅದಿಲ್ಲ.

"ಚಿಕ್ಕ ಚಕ್ರ ಚೆನ್ನಾಗಿ ಕಾಣುವುದಿಲ್ಲ ಅತ್ತಿಗೆ" ಎಂದು ಗೊಣಗಿದ. ಕಡೆಗೂ ನಿಜ ಹೊರಬಿತ್ತು. ಟೊಯೋಟಾದವರು ತಮ್ಮ 86 ಎಂಬ ಸ್ಪೋರ್ಟ್ಸ್ ಕಾರಿಗೆ 215 ಅಗಲದ ಸಾಧಾರಣ ಮಿಶೆಲಿನ್ ಪ್ರೈಮಸಿ ಟೈರ್ ಸಾಕೆಂದು ಬೇಕೆಂದೇ ಆರಿಸಿದ್ದನ್ನು ಹೇಳಿದೆ. ಹಿಡಿತದ ಮಿತಿ ಕಡಿಮೆಯಿದ್ದರೂ ಜಾರುವ ಮೊದಲು ಕಾರು ಅದನ್ನು ಸ್ಪಷ್ಟವಾಗಿ ತಿಳಿಸುತ್ತದೆ. ನನಗೆ ಕಾರಿನಲ್ಲಿ ಬೇಕಾದದ್ದು ಅದೇ.

ಆಮೇಲೆ ಏನೋ ಅನುಮಾನ ಬಂತು. ಕೆಳಗೆ ಹೋಗಿ ಟೈರಿನ ಬದಿಯಲ್ಲಿರುವ ಸಂಖ್ಯೆ ಓದು, ಕೊನೆಯ ನಾಲ್ಕು ಅಂಕಿ ಹೇಳು ಎಂದೆ. ಟಾರ್ಚ್ ಹಿಡಿದು ಓದಿದ: ಮುಂದಿನ ಎರಡರಲ್ಲೂ 4816. ಅಂದರೆ 2016ರ 48ನೇ ವಾರ ತಯಾರಾದದ್ದು. ಕಾರಿನ ಜೊತೆಗೇ ಬಂದ ಟೈರು, ಏಳು ವರ್ಷ ಹಳೆಯದು! ಹಿಂಬದಿಯ ಎರಡು ಮೊದಲಿನ ಮಾಲೀಕ ಹಾಕಿಸಿದ ಯಾವುದೋ ಅಗ್ಗದ ಆಲ್-ಸೀಸನ್, ಎಲ್ಲ ಕಾಲಕ್ಕೂ ಒಂದೇ ಎನ್ನುವ ಟೈರು. ಮುಂದೆ ಗಟ್ಟಿಯಾಗಿ ಸತ್ತುಹೋದ ರಬ್ಬರು, ಹಿಂದೆ ಬೇರೆಯೇ ಜಾತಿಯ ರಬ್ಬರು. ಮೂತಿ ಹೇಗೆ ತಿರುಗಬೇಕು? ಇದನ್ನು ಬಿಟ್ಟು ನಾವು ಇಂಚಿನ ಲೆಕ್ಕದಲ್ಲಿ ಮುಳುಗಿದ್ದೆವು.

ನಗು ಬರಲಿಲ್ಲ. ಪ್ರತಿ ಭಾನುವಾರ ಅವನು ಹೈವೇ 9ರಲ್ಲಿ ಸಾರಟೋಗಾದಿಂದ ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆಯ ತನಕ ಹತ್ತುವುದು ಇದೇ ಟೈರುಗಳ ಮೇಲೆ. ಈ ವಾರ ಮಳೆಯಿದೆ. ರೆಡ್‌ವುಡ್ ಮರಗಳ ಕೆಳಗೆ ಆ ರಸ್ತೆ ಮಧ್ಯಾಹ್ನವೂ ಒಣಗುವುದಿಲ್ಲ. ಆಗುಂಬೆ ಘಾಟಿಯನ್ನು ಮಳೆಗಾಲದಲ್ಲಿ ಇಳಿದ ತೀರ್ಥಹಳ್ಳಿಯ ಹುಡುಗ, ಒದ್ದೆ ರಸ್ತೆಯ ಬಗ್ಗೆ ಅವನಿಗೆ ನಾನೇನು ಹೇಳಲಿ. ಆದರೆ ಅಲ್ಲಿ ಓಡಿಸುತ್ತಿದ್ದವರು ಮಾವನವರು.

ಅತ್ತೆ ಬೆಳಗ್ಗೆ ಫೋನ್ ಮಾಡಿ "ಪುಟ್ಟ ನಿಧಾನವಾಗಿ ಓಡಿಸುತ್ತಾನೆ ತಾನೇ?" ಎಂದು ಕೇಳಿದ್ದರು. ಹೂಂ ಎಂದಿದ್ದೆ.

ಈಗ ಅವನ ಸಂದೇಶ ಬಂದಿದೆ: ಹಾಗಾದರೆ ಸದ್ಯಕ್ಕೆ ಮುಂದಿನ ಎರಡನ್ನೇ ಬದಲಿಸಲೇ? ಅದು ಆಗಕೂಡದು. ಹಿಂಚಕ್ರ ಎಳೆಯುವ ಕಾರು. ಮುಂದೆ ಹೊಸ ಹಿಡಿತ ಬಂದು ಹಿಂದೆ ಆ ಸವೆದ ಆಲ್-ಸೀಸನ್ ಉಳಿದರೆ ಮಳೆಯಲ್ಲಿ ಬಾಲವೇ ಸುತ್ತಿಬರುತ್ತದೆ. ಮೂತಿ ಹೊರಗೆ ಜಾರುವುದಕ್ಕಿಂತ ಅದು ಎಷ್ಟೋ ಕೆಟ್ಟದ್ದು. ನಾಲ್ಕೂ ಒಟ್ಟಿಗೇ ಬೇಕು, ಒಂದೇ ಜಾತಿಯವು, ಈಗಿರುವ 17 ಇಂಚಿನ ರಿಮ್ಮಿಗೇ ಆದರೂ ಸರಿ. ರಿಮ್ಮಿಗೆಂದು ಎತ್ತಿಟ್ಟ ಹಣದಲ್ಲಿ ಒಳ್ಳೆಯವೇ ಬರುತ್ತವೆ. ಸಾಲದಿದ್ದರೆ ನಾನು ಕೊಡುತ್ತೇನೆ ಎಂದರೆ ಒಪ್ಪುವ ಹುಡುಗನಲ್ಲ. ಇವರ ಕೈಯಲ್ಲಿ ಹೇಳಿಸಿದರೆ, ಅಣ್ಣನ ಮಾತೆಂದು ಬಹುಶಃ ಒಪ್ಪಿಯಾನು.