ಹಿರಿಯಡ್ಕದಲ್ಲೊಂದು, ಮಲ್ಪೆಯಲ್ಲೊಂದು: ನನ್ನ ಮಳೆ ಲೆಕ್ಕದ ಎಂಟು ವಾರ

ಜುಲೈ 22. ಮಳೆ ಅಳೆಯಲು ಶುರು ಮಾಡಿ ಇವತ್ತಿಗೆ ಎಂಟು ವಾರ. ಒಂದು ಅಳತೆ ಬಾಟಲಿ ಉಡುಪಿ ಜಿಲ್ಲೆಯ ಒಳನಾಡಿನ ಹಿರಿಯಡ್ಕದ ನಮ್ಮ ಮನೆಯಲ್ಲಿದೆ, ಇನ್ನೊಂದು ಅದೇ ಜಿಲ್ಲೆಯ ಕಡಲ ದಡದ ಮಲ್ಪೆಯಲ್ಲಿ ಅಕ್ಕನ ಮನೆಯಲ್ಲಿ. ಅಲ್ಲಿ ದಿನಾ ಬರೆದಿಡುವವರು ಭಾವ. ಜೂನ್, ಜುಲೈ ಎರಡು ತಿಂಗಳು ಯಂತ್ರದ ಮೀನುಗಾರಿಕೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಅವರಿಗೆ ಬೆಳಿಗ್ಗೆ ಪುರುಸೊತ್ತು ಇದೆ.

ನನಗೆ ಗೊತ್ತಾಗಬೇಕಿದ್ದದ್ದು ಒಂದೇ. ‘ಉಡುಪಿ ಜಿಲ್ಲೆಯಲ್ಲಿ ಭಾರಿ ಮಳೆ’ ಅಂತ ಮುನ್ಸೂಚನೆ ಬಂದ ದಿನ ನಮ್ಮ ಗದ್ದೆಗೆ ನಿಜವಾಗಿ ಎಷ್ಟು ಬೀಳುತ್ತದೆ?

ಬಾಟಲಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಎರಡು ಲೀಟರಿನ ಬಾಟಲಿ, ಮೇಲೆ 11.3 ಸೆಂ.ಮೀ. ಅಗಲದ ಆಲಿಕೆ. ಆ ಅಗಲಕ್ಕೆ ಬಾಯಿಯ ವಿಸ್ತೀರ್ಣ ಸುಮಾರು 100 ಚದರ ಸೆಂ.ಮೀ. ಆಗುತ್ತದೆ. ಆಗ ಲೆಕ್ಕ ಸುಲಭ: 10 ಮಿ.ಲೀ. ನೀರು ಸಿಕ್ಕರೆ 1 ಮಿ.ಮೀ. ಮಳೆ. ಮೊದಲು ಅಂಗಳದ ತೆಂಗಿನ ಮರದ ಹತ್ತಿರ ಇಟ್ಟಿದ್ದೆ. ಮಳೆ ನಿಂತ ಮೇಲೂ ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿರುವ ಮರ, ಮನೆ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಬೇಕು. ಅಷ್ಟು ಬಯಲು ಸಿಕ್ಕಿದ್ದು ಗದ್ದೆಯಲ್ಲಿ ಮಾತ್ರ. ಈಗ ಕಟ್ಟಪುಣಿಯ (ಗದ್ದೆಯ ಬದುವಿನ) ಮೇಲೆ ನಾಲ್ಕು ಕಲ್ಲು ಜೋಡಿಸಿ ಅದರ ನಡುವೆ ನಿಲ್ಲಿಸಿದ್ದೇನೆ.

ಮೊದಲ ಹತ್ತು ದಿನದ ಅಂಕಿ ನಾನು ಎದ್ದ ಕೂಡಲೇ, ಆರು ಗಂಟೆಗೆ ತೆಗೆದದ್ದು. ಹವಾಮಾನ ಇಲಾಖೆಯ ಅಂಕಿಗಳ ಜೊತೆ ಇಟ್ಟು ನೋಡಿದರೆ ಹೊಂದುತ್ತಲೇ ಇರಲಿಲ್ಲ. ಇಲಾಖೆಯ ‘ದಿನ’ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ನಿನ್ನೆ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದು ಇವತ್ತಿನ ತಾರೀಖಿಗೆ ಸೇರುತ್ತದೆ. ಆ ಹತ್ತು ದಿನದ ಪುಟಕ್ಕೆ ಅಡ್ಡಗೆರೆ ಎಳೆದು ಹೊಸದಾಗಿ ಶುರು ಮಾಡಿದೆ.

ಈ ಎಂಟು ವಾರದಲ್ಲಿ ನನ್ನನ್ನು ಜಾಸ್ತಿ ಹಿಡಿದಿಟ್ಟದ್ದು ಜೂನ್ ಕೊನೆಯ ಒಂದು ದಿನ. ನಮ್ಮಲ್ಲಿ 121 ಮಿ.ಮೀ., ಮಲ್ಪೆಯಲ್ಲಿ 58. ಭಾವ ಫೋನಿನಲ್ಲಿ, ‘ಅಷ್ಟು ಬಂತಾ ಮಾರಾಯ? ಇಲ್ಲಿ ಅದರ ಅರ್ಧವೂ ಇಲ್ಲ’ ಅಂದರು. ಇಲಾಖೆಯ ಲೆಕ್ಕದಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ. ಅಂದರೆ ಅದೇ ದಿನ, ಅದೇ ಜಿಲ್ಲೆಯಲ್ಲಿ ನಮ್ಮದು ‘ಅತಿ ಭಾರಿ’, ಭಾವನ ಮನೆಯದು ಬರೇ ‘ಸಾಧಾರಣ’! ಮುನ್ಸೂಚನೆ ತಪ್ಪಿರಲಿಲ್ಲ. ಅದು ಇಡೀ ಜಿಲ್ಲೆಗೆ ಹೇಳಿದ ಮಾತು, ನಾವು ನಮ್ಮ ಅಂಗಳಕ್ಕೆ ಹೇಳಿದ್ದು ಅಂದುಕೊಳ್ಳುತ್ತೇವೆ, ಅಲ್ವಾ? ಕಡಲಿನಿಂದ ಬರುವ ಒದ್ದೆ ಗಾಳಿ ಘಟ್ಟದ ಕಡೆ ಬಂದಂತೆ ಮೇಲೇರಬೇಕಾಗುತ್ತದೆ. ಏರಿದ ಗಾಳಿ ತಣ್ಣಗಾಗಿ ನೀರು ಇಳಿಸುತ್ತದೆ. ಆಗುಂಬೆಯಲ್ಲಿ ಅಷ್ಟು ಸುರಿಯುವುದೂ ಅದಕ್ಕೇ. ನಾವು ಘಟ್ಟದ ಬುಡದಲ್ಲಿಲ್ಲ, ಆದರೂ ಆ ಕಡೆಗೆ ಸ್ವಲ್ಪ ಹತ್ತಿರ. ಹಾಗಂತ ಪ್ರತಿ ದಿನ ನಮ್ಮದೇ ಮೇಲಲ್ಲ. ಐದು ದಿನ ಮಲ್ಪೆಯಲ್ಲೇ ಜಾಸ್ತಿ ಬಂತು. ಕಡಲಿನಿಂದ ಬಂದ ಮೋಡ ದಡದಲ್ಲೇ ಸುರಿದು ಖಾಲಿಯಾಗುವುದೂ ಇದೆ.

ಇನ್ನೊಂದು ವಿಷಯ ಗಾಳಿಯ ಒತ್ತಡದ್ದು. ನನ್ನ ಫೋನಿನಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ. ಒತ್ತಡ ಇಳಿದರೆ ಮಳೆ ಜೋರಾಗುತ್ತದೆ ಅಂತ ಓದಿದ್ದೆ. ಮಧ್ಯಾಹ್ನ ಇಳಿಯುತ್ತಿರುವುದು ಕಂಡು ಎರಡು ಸಲ ಮನೆಯವರಿಗೆ ಹೇಳಿ ಕಟ್ಟಿಗೆಯೆಲ್ಲ ಒಳಗೆ ಹಾಕಿಸಿದೆ. ಮಳೆ ಬರಲಿಲ್ಲ. ಆಮೇಲೆ ಒಂದು ವಾರ ಗಂಟೆಗೊಮ್ಮೆ ಬರೆದಿಟ್ಟೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿಕೆ, ಸಂಜೆ ನಾಲ್ಕಕ್ಕೆ ಇಳಿಕೆ, ರಾತ್ರಿ ಹತ್ತಕ್ಕೆ ಪುನಃ ಏರಿಕೆ. ದಿನಾ ಅದೇ! ಬಿಸಿಲು ವಾತಾವರಣವನ್ನು ಬಿಸಿ ಮಾಡುವುದರಿಂದ ಅದರಲ್ಲಿ ದಿನಕ್ಕೆ ಎರಡು ಸಲ ಅಲೆ ಏಳುತ್ತದೆ, ಕಡಲಿನ ಭರತ ಇಳಿತದ ಹಾಗೆ. ನಮ್ಮಂಥ ಬಿಸಿ ಸೀಮೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಈಗ ಸಂಜೆ ನಾಲ್ಕರ ಅಂಕಿಯನ್ನು ನಿನ್ನೆ ನಾಲ್ಕರ ಅಂಕಿಯ ಜೊತೆ ಮಾತ್ರ ಹೋಲಿಸುತ್ತೇನೆ. ಈ ಒಂದು ಪಾಠಕ್ಕಾದರೂ ಇಷ್ಟು ದಿನ ಬರೆದದ್ದು ಸಾರ್ಥಕ ಅನ್ನಿಸಿತು.

ಅಮ್ಮನ ಮಾತಿಗೆ ನೋಟ್‌ಬುಕ್ಕಿನಲ್ಲಿ ಒಂದು ಕಾಲಮ್ ಜಾಸ್ತಿಯಾಯಿತು: ನಕ್ಷತ್ರ. ಮೃಗಶಿರ, ಆರ್ದ್ರಾ, ಪುನರ್ವಸು ಅಂತ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಗುಡುಗಿಗೂ ಒಂದು ಕಾಲಮ್ ಇಟ್ಟಿದ್ದೆ. ಜೂನ್ ಎರಡನೇ ವಾರದ ನಂತರ ಅದು ಪೂರ್ತಿ ಖಾಲಿ. ‘ಗುಡುಗು ನಿಂತಿತು, ಇನ್ನು ಮಳೆಗಾಲ ಹಿಡಿಯಿತು’ ಅಂತ ಅಮ್ಮ ಆಗಲೇ ಹೇಳಿದ್ದರು. ಬೇಸಿಗೆ ಕೊನೆಯಲ್ಲಿ ನೆಲ ಕಾದು ಮೋಡ ತುಂಬಾ ಎತ್ತರಕ್ಕೆ ಬೆಳೆಯುತ್ತದೆ, ಗುಡುಗುವುದು ಅಂಥ ಮೋಡವೇ. ಮಳೆಗಾಲ ಹಿಡಿದ ಮೇಲೆ ನೆಲ ತಣ್ಣಗಾಗಿರುತ್ತದೆ, ಮೋಡ ಅಷ್ಟು ಮೇಲೆ ಏಳುವುದು ಕಡಿಮೆ.

ಒಂದು ನಷ್ಟವೂ ಆಯಿತು. ಜುಲೈ ಮೊದಲ ವಾರದ ಒಂದು ರಾತ್ರಿ ಬಾಟಲಿ ತುಂಬಿ ಚೆಲ್ಲಿತ್ತು. ಎರಡು ಲೀಟರ್ ಅಂದರೆ 200 ಮಿ.ಮೀ. ಅದರ ಮೇಲೆ ಎಷ್ಟು ಬಂತೋ, ಆ ಅಂಕಿ ಇನ್ನು ಸಿಗುವುದಿಲ್ಲ. ಆ ಸಾಲಿನಲ್ಲಿ ‘200ಕ್ಕಿಂತ ಜಾಸ್ತಿ’ ಅಂತ ಮಾತ್ರ ಇದೆ. ತುಂಬಾ ಬೇಜಾರಾಯಿತು, ಏಕೆಂದರೆ ಅಳೆಯಲೇಬೇಕಾಗಿದ್ದ ರಾತ್ರಿ ಅದು. ಈಗ ಎರಡೂ ಕಡೆ ಐದು ಲೀಟರಿನ ಎಣ್ಣೆ ಕ್ಯಾನ್ ಇದೆ.

ಇವತ್ತು ಬೆಳಿಗ್ಗೆ 8.30: ಹಿರಿಯಡ್ಕ 41, ಮಲ್ಪೆ 17. ಪುಷ್ಯ ಮಳೆ. ಗುಡುಗು ಇಲ್ಲ.