ಆಗುಂಬೆ ಘಾಟಿ, ಬಿಸಿ ಇಂಟರ್‌ಕೂಲರ್ ಮತ್ತು ಅಡಿಕೆ ತೋಟದ ಪಂಪು

ಫೆಬ್ರುವರಿ 9

ಹೆಬ್ರಿಯಲ್ಲಿ ಮದುವೆಯೂಟ ಮುಗಿಸಿ ಮಧ್ಯಾಹ್ನ ಮೂರರ ಹೊತ್ತಿಗೆ ಆಗುಂಬೆ ಘಾಟಿ ಹತ್ತಿದೆವು. ಗಾಡಿಯಲ್ಲಿ ಏಳು ಜನ, ಹಿಂದೆ ಎರಡು ಬಾಳೆಗೊನೆ, ಎಸಿ ಬೇರೆ. ಹದಿನಾಲ್ಕು ತಿರುವುಗಳನ್ನು ಕೆಳಗಿನಿಂದ ಎಣಿಸಿದರೆ ಏಳನೆಯದರವರೆಗೆ ತಕರಾರಿಲ್ಲ. ಅಲ್ಲಿಂದ ಮೇಲೆ ಎಂಜಿನ್ ಎಳೆಯುವ ರೀತಿಯೇ ಬೇರೆ. ಎರಡನೇ ಗೇರಿನಲ್ಲಿ ಕಾಲು ಒತ್ತಿದರೆ ಯೋಚಿಸಿ ಏಳುತ್ತದೆ. ಹೋದ ಬೇಸಿಗೆಯಲ್ಲೂ ಹೀಗೆಯೇ ಆಗಿತ್ತು, ಮಳೆಗಾಲದಲ್ಲಿ ಆಗಿರಲಿಲ್ಲ.

ಗಾಡಿ ಹನ್ನೆರಡು ವರ್ಷ ಹಳೆಯ 2.2 ಲೀಟರ್ ಡೀಸೆಲ್. ಬಾನೆಟ್ ಮೇಲೆ ಮೂಗಿನ ಹೊಳ್ಳೆಯಂಥ ಕಿಂಡಿ, ಅದರ ಕೆಳಗೆ ಎಂಜಿನ್ನಿನ ತಲೆಯ ಮೇಲೆಯೇ ಮಲಗಿಸಿದ ಇಂಟರ್‌ಕೂಲರ್. ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ ಗಾಳಿ ಕಾಯುತ್ತದೆ, ಕಾದ ಗಾಳಿ ತೆಳುವಾಗಿ ಎಂಜಿನ್ನಿನ ಎಳೆತ ಕುಗ್ಗುತ್ತದೆ. ಹೊರಗೆ 34 ಡಿಗ್ರಿ ಇದ್ದು ಟರ್ಬೊ ಒಂದು ಬಾರ್ ಒತ್ತಡ ಕೊಟ್ಟರೆ ಒಳಗೆ 120 ದಾಟುವುದು ಸಹಜ. ಅದನ್ನು ಇಳಿಸುವುದು ಇಂಟರ್‌ಕೂಲರಿನ ಕೆಲಸ. ಹೆದ್ದಾರಿಯಲ್ಲಿ ಹೊಳ್ಳೆಯಿಂದ ಗಾಳಿ ನುಗ್ಗುತ್ತದೆ, ಕೆಲಸ ನಡೆಯುತ್ತದೆ. ಘಾಟಿಯಲ್ಲಿ ಗಂಟೆಗೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ವೇಗ. ಮೇಲಿನಿಂದ ಗಾಳಿ ಬಾರದು, ಕೆಳಗಿನಿಂದ ಎಂಜಿನ್ನಿನ ಕಾವು ತಪ್ಪದು.

ಇದಕ್ಕೆ ಜಪಾನಿನವರು ಕಂಪನಿಯಲ್ಲೇ ಮದ್ದು ಕೊಟ್ಟಿದ್ದರು. ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರಿನ ಡಿಕ್ಕಿಯಲ್ಲಿ ನೀರಿನ ಟ್ಯಾಂಕು, ಡ್ಯಾಶ್‌ಬೋರ್ಡಿನಲ್ಲಿ ಗುಂಡಿ. ಒತ್ತಿದರೆ ಇಂಟರ್‌ಕೂಲರಿನ ಮೇಲೆ ನೀರು ಚಿಮ್ಮುತ್ತಿತ್ತು. ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್‌ನಲ್ಲೂ ಅಂಥದ್ದೇ ವ್ಯವಸ್ಥೆ ಇತ್ತು. ನಮ್ಮ ಮನೆಯಲ್ಲಿ ದೋಸೆ ಕಾವಲಿ ಅತಿಯಾಗಿ ಕಾದರೆ ಹಿಟ್ಟು ಹುಯ್ಯುವ ಮೊದಲು ಒಂದು ಚಿಟಿಕೆ ನೀರು ಚಿಮುಕಿಸುವುದಿಲ್ಲವೇ? ಅದೇ ವಿದ್ಯೆ. ನನ್ನ ಗಾಡಿಗೂ ಅದನ್ನೇ ಹೂಡಬೇಕೆಂದುಕೊಂಡೆ.

ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನೀರು ಎಂಜಿನ್ನಿನ ಒಳಗೆ ಹೋಗುವುದಿಲ್ಲ. ಇಂಟರ್‌ಕೂಲರಿನ ಹೊರಮೈಗೆ ಮಾತ್ರ.

ಫೆಬ್ರುವರಿ 16

ಅಳತೆಯಿಲ್ಲದೆ ಕೈ ಹಾಕಬಾರದು ಎಂದು ಎಂಜಿನ್ನಿನ ಸೆನ್ಸರುಗಳ ಅಂಕಿಗಳನ್ನು ಓದಿ ಕಳಿಸುವ ಒಬಿಡಿ ಡಾಂಗಲ್ ಸಿಕ್ಕಿಸಿ, ಮೊಬೈಲ್‌ನಲ್ಲಿ ಒಳಗಾಳಿಯ ತಾಪ ನೋಡುತ್ತ ಘಾಟಿ ಹತ್ತಿದೆ. ತುದಿಗೆ ಬಂದರೂ ಅಂಕಿ 41. ಇಷ್ಟು ತಂಪಿದ್ದರೆ ತೊಂದರೆಯೆಲ್ಲಿ? ಮನೆಗೆ ಬಂದು ಸೆನ್ಸರ್ ಎಲ್ಲಿದೆ ಎಂದು ಹುಡುಕಿದಾಗ ಗೊತ್ತಾಯಿತು, ನಾನು ಓದುತ್ತಿದ್ದದ್ದು ಏರ್ ಫಿಲ್ಟರಿನ ಪಕ್ಕದ ಸೆನ್ಸರನ್ನು. ಅದು ಟರ್ಬೊಗಿಂತ ಹಿಂದಿನದು. ಅಡುಗೆಮನೆಯ ಬಿಸಿಯನ್ನು ಗೇಟಿನ ಬಳಿ ನಿಂತು ಅಳೆದಂತೆ. ಇಂಟರ್‌ಕೂಲರ್ ದಾಟಿದ ಮೇಲಿನ ಸೆನ್ಸರ್ ಇನ್ನೊಂದಿದೆ, ಪಟ್ಟಿಯಲ್ಲಿ ಬೇರೆ ಹೆಸರಿನಲ್ಲಿ ಅಡಗಿ ಕುಳಿತಿತ್ತು. ಒಂದು ಭಾನುವಾರ ಮತ್ತು ಡೀಸೆಲ್ ದಂಡ.

ಫೆಬ್ರುವರಿ 23

ಸರಿಯಾದ ಅಂಕಿಗಳು. ತೀರ್ಥಹಳ್ಳಿ-ಶಿವಮೊಗ್ಗ ರಸ್ತೆಯಲ್ಲಿ 80ರ ವೇಗಕ್ಕೆ 46 ಡಿಗ್ರಿ. ಘಾಟಿಯ ಬುಡದ ಸೋಮೇಶ್ವರದಿಂದ ಹೊರಟಾಗ 52, ಏಳನೇ ತಿರುವಿನಲ್ಲಿ 70, ಮೇಲೆ ಚೆಕ್‌ಪೋಸ್ಟಿನ ಹತ್ತಿರ 81. ಹೊರಗೆ 34.

ಮಾರ್ಚ್ 2

ವೈಪರಿಗೆ ನೀರು ಹೊಡೆಯುವ ಪಂಪನ್ನು ಗುಜರಿ ಅಂಗಡಿಯಿಂದ ತಂದು ಮನೆಯಂಗಳದಲ್ಲಿ ಪರೀಕ್ಷಿಸಿದೆ. ಅದರ ಒತ್ತಡಕ್ಕೆ ನೀರು ಪಿಚಕಾರಿಯಂತೆ ಹೋಗುತ್ತದೆ, ಮಂಜಾಗುವುದಿಲ್ಲ. ಇಲ್ಲಿರುವ ಲೆಕ್ಕ ಸಣ್ಣದು, ಆದರೆ ಇಡೀ ಕೆಲಸ ನಿಂತಿರುವುದೇ ಅದರ ಮೇಲೆ. ಒಂದು ಕಿಲೋ ನೀರನ್ನು 30ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 125 ಕಿಲೋಜೂಲ್ ಶಾಖ ಸಾಕು. ಅದೇ ನೀರು ಆವಿಯಾಗಲು 2,300ಕ್ಕೂ ಹೆಚ್ಚು ಬೇಕು. ಅಂದರೆ ಹರಿದು ಕೆಳಗೆ ಬಿದ್ದ ನೀರು ಮಾಡುವುದು ಇಪ್ಪತ್ತರಲ್ಲಿ ಒಂದು ಪಾಲು ಕೆಲಸವನ್ನು ಮಾತ್ರ. ಸಾಲದ್ದಕ್ಕೆ ಈ ಗಾಡಿಯಲ್ಲಿ ಇಂಟರ್‌ಕೂಲರಿನ ಕೆಳಗಿರುವುದು ಇಂಜೆಕ್ಟರುಗಳ ವೈರಿಂಗು, ಅದರಾಚೆ ಕೆಂಡದಂಥ ಟರ್ಬೊ. ಕಾದ ಬೀಡುಕಬ್ಬಿಣದ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಲು ಹೆಚ್ಚು ಹೊತ್ತು ಬೇಕಾಗಿಲ್ಲ. ನೀರು ಕಡಿಮೆ, ಹನಿ ಸಣ್ಣದು: ಎರಡೂ ಬೇಕೇ ಬೇಕು.

ಎಷ್ಟು ನೀರು? ಘಾಟಿಯಲ್ಲಿ ಎಂಜಿನ್ ಸೆಕೆಂಡಿಗೆ ಸುಮಾರು 70 ಗ್ರಾಂ ಗಾಳಿ ಎಳೆಯುತ್ತದೆ ಎಂದು ಹಿಡಿದೆ. ಅದನ್ನು ಇನ್ನೂ ಹತ್ತು ಡಿಗ್ರಿ ಇಳಿಸಲು 700 ವಾಟ್ ಶಾಖ ತೆಗೆಯಬೇಕು. ಹಾಕಿದ್ದೆಲ್ಲ ಆವಿಯಾದರೆ ನಿಮಿಷಕ್ಕೆ 18 ಮಿ.ಲೀ. ನೀರು. ಅರ್ಧ ವ್ಯರ್ಥವಾದರೂ 36. ಒಂದು ಸಣ್ಣ ಕಾಫಿ ಲೋಟದ ಕಾಲು ಭಾಗ! ನಾನು ಇಪ್ಪತ್ತು ಲೀಟರ್ ಕ್ಯಾನಿನ ಬೆಲೆ ವಿಚಾರಿಸುತ್ತಿದ್ದೆ.

ಮಾರ್ಚ್ 9

ಒತ್ತಡ ಕೊಡುವ ಪಂಪು ಎದುರಿಗೇ ಇತ್ತು. ಅಕ್ಕನ ಮನೆಗೆ ಹೋದಾಗ ಭಾವ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರನ್ನು ತೊಳೆದು ಬಿಸಿಲಿಗಿಟ್ಟಿದ್ದರು. ಅದರ ಹೊಟ್ಟೆಯಲ್ಲಿ ಇರುವುದು 12 ವೋಲ್ಟಿನ ಡಯಾಫ್ರಾಂ ಪಂಪು. ಆರೇಳು ಬಾರ್ ಒತ್ತಡಕ್ಕೆ ತಾನೇ ನಿಲ್ಲುವ ಸ್ವಿಚ್ಚೂ ಇದೆ. ಒಂದು ವಾರಕ್ಕೆ ಕೊಡಿ ಎಂದು ಕೇಳಿದೆ.

"ಏನು, ನಿನ್ನ ಗಾಡಿಗೂ ಕೊಳೆರೋಗ ಬಂತೇ?" ಎಂದರು.

ನಗುತ್ತಲೇ ಹೇಳಿದ ಮಾತು ಕೆಲಸಕ್ಕೆ ಬಂತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವುದು ಬೋರ್ಡೊ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರ, ಇಂಟರ್‌ಕೂಲರ್ ಅಲ್ಯೂಮಿನಿಯಂ. ತಾಮ್ರದ ಅಂಶ ಅಲ್ಯೂಮಿನಿಯಂ ಮೇಲೆ ಕುಳಿತರೆ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ, ಅದರಲ್ಲೂ ಕಾಗದದಷ್ಟು ತೆಳುವಾದ ರೆಕ್ಕೆಗಳನ್ನು. ಎಷ್ಟು ತೊಳೆದರೂ ಪಂಪಿನ ಮೂಲೆಯಲ್ಲಿ ನೀಲಿ ಉಳಿದೇ ಇರುತ್ತದೆ. ಭಾವನ ಪಂಪನ್ನು ಅಲ್ಲೇ ಬಿಟ್ಟು, ಕೃಷಿ ಸಾಮಗ್ರಿ ಅಂಗಡಿಯಿಂದ ಹೊಸದೊಂದು ತಂದೆ, 750 ರೂಪಾಯಿ. ಹಸಿರುಮನೆಗೆ ಹಾಕುವ 0.3 ಮಿ.ಮೀ. ತೂತಿನ ಹಿತ್ತಾಳೆ ನಾಜಲ್ ಎರಡು. ಎರಡೂ ಸೇರಿ ನಿಮಿಷಕ್ಕೆ 130 ಮಿ.ಲೀ.; ಅಳತೆ ಲೋಟ ಹಿಡಿದು ನೋಡಿದ್ದು.

ಮಾರ್ಚ್ 16

ಪಂಪಿನ ತಾಕತ್ತು ನಿಮಿಷಕ್ಕೆ ಮೂರು ಲೀಟರ್, ನಾಜಲ್ ಕುಡಿಯುವುದು ಅದರ ಇಪ್ಪತ್ತರಲ್ಲೊಂದು. ಹಾಗಾಗಿ ಒತ್ತಡ ತುಂಬಿ ನಿಲ್ಲುವುದು, ಇಳಿದು ಶುರುವಾಗುವುದು, ಸೆಕೆಂಡಿಗೆ ನಾಲ್ಕು ಸಲ. ಟಕಟಕಟಕ ಎಂದು ಮರಕುಟಿಕ ಹಕ್ಕಿ ಡಿಕ್ಕಿಯಲ್ಲಿ ಕುಳಿತಂತೆ. ಸ್ವಿಚ್ಚು ತಿಂಗಳು ಬಾಳುವುದಿಲ್ಲ. ಕೊಳಾಯಿ ಕೆಲಸದವರು ಮಾಡುವ ಉಪಾಯ ನೆನಪಾಯಿತು: ಒಂದಿಂಚಿನ ಸಿಪಿವಿಸಿ ಪೈಪು ಒಂದು ಅಡಿ, ಮೇಲ್ತುದಿಗೆ ಮುಚ್ಚಳ, ಲೈನಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. ಒಳಗೆ ಸಿಕ್ಕಿದ ಗಾಳಿ ಸ್ಪ್ರಿಂಗಿನಂತೆ ಒತ್ತಡ ಹಿಡಿದಿಡುತ್ತದೆ. ಈಗ ಎರಡು ಸಲ ಚಿಮುಕಿಸಿದರೆ ಪಂಪು ಒಮ್ಮೆ ಕೆಮ್ಮುತ್ತದೆ, ಅಷ್ಟೇ. ಆ ಗಾಳಿ ಮೆಲ್ಲಗೆ ನೀರಿನಲ್ಲಿ ಕರಗಿ ಹೋಗುವುದರಿಂದ ತಿಂಗಳಿಗೊಮ್ಮೆ ಪೈಪು ಖಾಲಿ ಮಾಡಬೇಕು.

ನಾಜಲ್ ಹತ್ತಿರ, ಕರೆಂಟು ಕೊಟ್ಟರೆ ತೆರೆಯುವ ಒಂದು ಸೊಲೆನಾಯ್ಡ್ ವಾಲ್ವ್. ನೀರು ಶುದ್ಧೀಕರಣ ಯಂತ್ರದ ಬಿಡಿಭಾಗ ತಂದೆ, ಅದು 24 ವೋಲ್ಟಿನದು, ತೆರೆಯಲೇ ಇಲ್ಲ. ಬದಲಿಸಿ 12ರದ್ದು ಹಾಕಿದೆ. ರಿಲೇ, 10 ಆಂಪಿಯರ್ ಫ್ಯೂಸ್, ಇಗ್ನಿಷನ್ ಆಫ್ ಆದರೆ ಎಲ್ಲವೂ ಆಫ್.

ಮಾರ್ಚ್ 23

ಬಾನೆಟ್ ಮುಚ್ಚಿದ ಮೇಲೆ ನೀರು ಎಲ್ಲಿ ಬೀಳುತ್ತದೆ ಎಂದು ನೋಡುವುದು ಹೇಗೆ? ಇಂಟರ್‌ಕೂಲರಿನ ಮೇಲೆ ಹಳೆಯ ದಿನಪತ್ರಿಕೆಯ ಹಾಳೆ ಹಾಸಿ, ಬಾನೆಟ್ ಮುಚ್ಚಿ, ಎರಡು ಸೆಕೆಂಡು ಗುಂಡಿ ಒತ್ತಿ ತೆರೆದೆ. ಕ್ರೀಡಾ ಪುಟದ ನಡುವೆ ಎರಡು ಒದ್ದೆ ಚಕ್ರಗಳು, ಪೂರಿಯಷ್ಟಗಲ. ಉಳಿದ ಜಾಗ ಗರಿಗರಿ ಒಣಗಿದೆ. ನಾಜಲ್ಲುಗಳನ್ನು ಹೊಳ್ಳೆಯ ಬಾಯಿಯತ್ತ ಸರಿಸಿ ಹದಿನೈದು ಸೆಂಟಿಮೀಟರ್ ಎತ್ತರಕ್ಕೆ ತಂದು, ಮತ್ತೊಂದು ಹಾಳೆ. ಆರು ಹಾಳೆಗಳ ನಂತರ ಅಂಚು ಬಿಟ್ಟು ಉಳಿದೆಲ್ಲ ಸಮನಾಗಿ ನೆನೆಯಿತು.

ಈ ಪತ್ರಿಕೆ ಹಾಸುವ ನೆಪದಲ್ಲೇ ನಿಜವಾದ ಕಳ್ಳ ಸಿಕ್ಕಿದ್ದು. ಹೊಳ್ಳೆ ಮತ್ತು ಇಂಟರ್‌ಕೂಲರ್ ನಡುವೆ ಸುತ್ತಲೂ ಒಂದು ಫೋಮ್ ಪಟ್ಟಿ ಇರಬೇಕು, ಬಾನೆಟ್ ಮುಚ್ಚಿದಾಗ ಸಂದು ಬಿಗಿಯಾಗಲು. ನನ್ನದರಲ್ಲಿ ಮುಕ್ಕಾಲು ಭಾಗ ಉದುರಿಹೋಗಿತ್ತು. ಉಳಿದದ್ದು ಮುಟ್ಟಿದರೆ ಹಳೆಯ ಬ್ರೆಡ್ಡಿನಂತೆ ಪುಡಿಯಾಯಿತು. ಬಂದಷ್ಟು ಗಾಳಿಯೂ ಇಂಟರ್‌ಕೂಲರಿನೊಳಗೆ ಹಾಯದೆ ಪಕ್ಕಕ್ಕೆ ಸೋರುತ್ತಿತ್ತು. ಸೀಟ್ ಹೊಲಿಯುವ ಅಂಗಡಿಯಿಂದ ಒತ್ತಾದ ಕಪ್ಪು ಫೋಮ್ ತಂದು, ಕತ್ತರಿಸಿ ಅಂಟಿಸಿದೆ. 60 ರೂಪಾಯಿ.

ಮಾರ್ಚ್ 30

ನೀರು ಹೊಡೆಯದೆ, ಫೋಮ್ ಮಾತ್ರ. ಅದೇ ಘಾಟಿ, ಹೊರಗೆ 34, ಹೆಚ್ಚು ಕಡಿಮೆ ಅದೇ ಭಾರ. ಮೇಲೆ 68. ಹದಿಮೂರು ಡಿಗ್ರಿ ಇಳಿದಿದೆ!

ಸಂತೋಷಪಡಬೇಕೋ, ಎರಡು ತಿಂಗಳ ಉತ್ಸಾಹಕ್ಕೆ ಮರುಗಬೇಕೋ ತಿಳಿಯಲಿಲ್ಲ. ಇಂಥ ಕೆಲಸಕ್ಕೆ ಇಳಿಯುವವರು ದಯವಿಟ್ಟು ಮೊದಲು ಆ ಪಟ್ಟಿ ಮುಟ್ಟಿ ನೋಡಿ.

ಏಪ್ರಿಲ್ 13

ಮೊದಲ ಪೂರ್ಣ ಪ್ರಯೋಗ. ಇಂಟರ್‌ಕೂಲರಿನ ಹೊರದ್ವಾರದ ಮೈಗೆ ತಾಪ ಅಳೆಯುವ ಥರ್ಮಿಸ್ಟರ್ ಅಂಟಿಸಿ, ಅಗ್ಗದ ಥರ್ಮೋಸ್ಟಾಟ್ ಬೋರ್ಡಿಗೆ ಕೊಟ್ಟಿದ್ದೇನೆ. 55 ದಾಟಿದರೆ ಟೈಮರ್ ಶುರು: ಎರಡು ಸೆಕೆಂಡು ನೀರು, ಆರು ಸೆಕೆಂಡು ಬಿಡುವು. ಬಿಡುವಿನಲ್ಲೇ ಆವಿಯಾಗುವುದು, ಸತತವಾಗಿ ಹೊಡೆದರೆ ರೆಕ್ಕೆಗಳ ಸಂದಿನಲ್ಲಿ ನೀರು ಕಟ್ಟಿ ಗಾಳಿಗೇ ದಾರಿ ಇಲ್ಲದಂತಾಗುತ್ತದೆ.

ಐದನೇ ತಿರುವಿನವರೆಗೆ ಅಂಕಿ ಹಿಡಿದ ಹಾಗೆ ನಿಂತಿತ್ತು. ಒಂಬತ್ತರಲ್ಲಿ ಠಪ್ ಎಂದು ಸದ್ದು, ಹೊಳ್ಳೆಯಿಂದ ಬಿಳಿ ಹಬೆ. ಎದುರಿನಿಂದ ಬಂದ ಬಸ್ಸಿನ ಚಾಲಕರು ಕೈ ಹೊರಹಾಕಿ "ರೇಡಿಯೇಟರ್ ಹೋಗಿದೆ" ಎಂದು ಕೂಗಿದರು. ಗಾಡಿ ನಿಲ್ಲಿಸಲು ಆ ತಿರುವಿನಲ್ಲಿ ಜಾಗವಿಲ್ಲ. ಮುಖ್ಯ ಸ್ವಿಚ್ ಆರಿಸಿ ಹತ್ತನೆಯದರವರೆಗೆ ತೆವಳಿದೆ. ರೇಡಿಯೇಟರಿಗೆ ಏನೂ ಆಗಿರಲಿಲ್ಲ. ಕುಡಿಯುವ ನೀರಿನ ಯಂತ್ರಕ್ಕೆ ಹಾಕುವ ಬಿಳಿ ಪ್ಲಾಸ್ಟಿಕ್ ಟ್ಯೂಬನ್ನೇ ನಾನು ಬಾನೆಟ್ ಒಳಗೂ ಎಳೆದಿದ್ದೆ. ಅಲ್ಲಿಯ ಕಾವಿಗೆ ಅದು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿ, ಜಾಯಿಂಟಿನಿಂದ ಕಳಚಿಕೊಂಡು ಎಂಜಿನ್ ಮೇಲೆ ನೀರು ಹುಯ್ದಿತ್ತು. ಟರ್ಬೊ ಇನ್ನೊಂದು ಬದಿಗಿತ್ತು, ಪುಣ್ಯ.

ಏಪ್ರಿಲ್ 20

ಶಿವಮೊಗ್ಗದ ಲಾರಿ ಬಿಡಿಭಾಗಗಳ ಅಂಗಡಿಯಲ್ಲಿ ಏರ್ ಬ್ರೇಕಿನ ನೈಲಾನ್ ಪೈಪು ಸಿಕ್ಕಿತು, 6 ಮಿ.ಮೀ., ಹಿತ್ತಾಳೆಯ ಜಾಯಿಂಟು ಸಹಿತ. ಲಾರಿಯ ಬ್ರೇಕನ್ನೇ ಹಿಡಿದಿಡುವ ಪೈಪಿಗೆ ನನ್ನ ಆರು ಬಾರ್ ಯಾವ ಲೆಕ್ಕ. ನಾಜಲ್ ಬುಡದಲ್ಲಿ ಒಂದು ಹಿಮ್ಮುಖ ತಡೆ ವಾಲ್ವ್ ಕೂಡ ಸೇರಿಸಿದೆ. ಪೈಪು ಖಾಲಿಯಾಗದೆ ಒತ್ತಿದ ಕೂಡಲೇ ಮಂಜು ಬರುತ್ತದೆ, ಮೊದಲಿನಂತೆ ಕಾಯಬೇಕಾಗಿಲ್ಲ.

ನೀರಿನ ಬಗ್ಗೆ ಒಂದು ಮಾತು. ಗಡಸು ನೀರು ಹಾಕಿದರೆ ಬಿಸಿನೀರಿನ ಹಂಡೆಯ ಒಳಗೆ ಕಟ್ಟುವ ಬಿಳಿ ಪೊರೆಯೇ ರೆಕ್ಕೆಗಳ ಮೇಲೂ ಕಟ್ಟುತ್ತದೆ, 0.3 ಮಿ.ಮೀ. ತೂತಂತೂ ವಾರದಲ್ಲಿ ಮುಚ್ಚುತ್ತದೆ. ನಾನು ಕಚೇರಿಯ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಾಟಲಿಗೆ ಹಿಡಿದು, ಬಟ್ಟೆಯಲ್ಲಿ ಸೋಸಿ ತರುತ್ತೇನೆ. ಗಾಳಿಯ ತೇವವೇ ನೀರಾದದ್ದು, ಸುಣ್ಣದ ಅಂಶ ಇಲ್ಲ. ಕಚೇರಿಯಲ್ಲಿ ಯಾರೂ ಏಕೆಂದು ಕೇಳುವುದಿಲ್ಲ, ನೋಡಿ ಸುಮ್ಮನಾಗುತ್ತಾರೆ.

ಏಪ್ರಿಲ್ 27

ಸೋಮೇಶ್ವರದಿಂದ ಮಧ್ಯಾಹ್ನ ಎರಡೂವರೆಗೆ ಹೊರಟೆ. ಮೈಗೆ ಅಂಟಿದ ಅಂಗಿ ಬಿಡಿಸಲಾಗದಂಥ ಸೆಕೆ. ನನಗಿದ್ದ ಅನುಮಾನ ಇದೇ: ಗಾಳಿಯಲ್ಲಿ ಇಷ್ಟು ತೇವವಿದ್ದರೆ ನೀರು ಆವಿಯಾಗುವುದಾದರೂ ಹೇಗೆ? ಕಲಬುರಗಿಯಲ್ಲಿ ಹಿತವೆನಿಸುವ ಏರ್ ಕೂಲರ್ ಕರಾವಳಿಯಲ್ಲಿ ಬರಿಯ ಫ್ಯಾನ್ ತಾನೆ?

ಮೇಲೆ ತಲುಪಿದಾಗ 58. ಇಪ್ಪತ್ತು ನಿಮಿಷಕ್ಕೆ ಖರ್ಚಾದ ನೀರು 640 ಮಿ.ಲೀ.

ಮನೆಗೆ ಬಂದು ಲೆಕ್ಕ ಹಾಕಿದರೆ ಆಶ್ಚರ್ಯಕ್ಕೆ ಕಾರಣವಿಲ್ಲ. ಕೂಲರಿನ ಹುಲ್ಲು ಕೋಣೆಯಷ್ಟೇ ಬಿಸಿ, ಇಂಟರ್‌ಕೂಲರಿನ ರೆಕ್ಕೆ ಹಾಗಲ್ಲ. 60 ಡಿಗ್ರಿಯ ಮೈಮೇಲೆ ಕುಳಿತ ನೀರು ಸುಮಾರು 20 ಕಿಲೋಪಾಸ್ಕಲ್ ಒತ್ತಡದಿಂದ ಆವಿಯಾಗಲು ಹೊರಟಿರುತ್ತದೆ. ಅದಕ್ಕೆ ಎದುರಾಗಿ ನಿಲ್ಲುವ ತೇವದ ಒತ್ತಡ ಕರಾವಳಿಯ ಸೆಕೆಯಲ್ಲಿ ಮೂರೂವರೆ, ಬಯಲುಸೀಮೆಯ ಒಣ ಬಿಸಿಲಿನಲ್ಲಿ ಒಂದೂವರೆ. ಇಪ್ಪತ್ತರ ಮುಂದೆ ಎರಡೂ ಅಷ್ಟಕ್ಕಷ್ಟೇ.

ಮೇ 11

ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಹತ್ತಿದೆ, ಒಮ್ಮೆ ನೀರಿನೊಂದಿಗೆ, ಒಮ್ಮೆ ನೀರಿಲ್ಲದೆ. ಯಾವುದು ಯಾವುದೆಂದು ಹೇಳಲಿಲ್ಲ. "ಎರಡೂ ಸಲ ನೀನು ಹಾರ್ನ್ ಸರಿಯಾಗಿ ಹೊಡೆಯಲಿಲ್ಲ" ಎಂದರು.

ಅವರ ತಪ್ಪಿಲ್ಲ. 68ರಿಂದ 58ಕ್ಕೆ ಇಳಿದರೆ ಗಾಳಿಯ ಸಾಂದ್ರತೆ ಹೆಚ್ಚುವುದು ಶೇ. 3ರಷ್ಟು. ಅದು ಬೆನ್ನಿಗೆ ತಿಳಿಯುವ ವ್ಯತ್ಯಾಸವಲ್ಲ. ಆರಂಭದ 81ರಿಂದ ಎಣಿಸಿದರೆ ಶೇ. 7; ಏಳನೇ ತಿರುವಿನ ಸುಸ್ತು ಹೋಗಿದೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ, ಆದರೆ ಅದರಲ್ಲಿ ದೊಡ್ಡ ಪಾಲು 60 ರೂಪಾಯಿಯ ಫೋಮಿನದು. ಹಾಳಾದ ಟ್ಯೂಬು, ವಾಲ್ವ್ ಬಿಟ್ಟು ನೀರಿನ ಕಡೆಯ ಖರ್ಚು 2,900.

ಇನ್ನೊಂದು ದೋಷ ಉಳಿದಿದೆ. ಗಾಡಿ ನಿಂತಾಗಲೂ ಇಂಟರ್‌ಕೂಲರ್ ಕಾಯುತ್ತದೆ, ಥರ್ಮೋಸ್ಟಾಟ್ ಸುಮ್ಮನೆ ನೀರು ಹೊಡೆಯುತ್ತದೆ, ಗಾಳಿ ಇಲ್ಲದ್ದರಿಂದ ನೀರು ಎಂಜಿನ್ ಮೇಲಿಳಿಯುತ್ತದೆ. ಟರ್ಬೊ ಒತ್ತಡ ನೋಡಿ ಚಾಲೂ ಆಗುವ ಸ್ವಿಚ್ ಬೇಕು. ಅದಕ್ಕೆ ಟರ್ಬೊ ನಿಯಂತ್ರಿಸುವ ನಳಿಕೆಯಿಂದ ಕವಲು ತೆಗೆಯಲು ನನಗೆ ಧೈರ್ಯವಿಲ್ಲ; ಅಲ್ಲಿ ಸೋರಿದರೆ ಟರ್ಬೊ ಮಿತಿಮೀರಿ ಒತ್ತುತ್ತದೆ. ಸದ್ಯಕ್ಕೆ ಘಾಟಿಯ ಬುಡದಲ್ಲಿ ಮುಖ್ಯ ಸ್ವಿಚ್ ಹಾಕುವುದು, ಮೇಲೆ ಆರಿಸುವುದು.

ಮೇ 25

ನಸುಕಿನಲ್ಲೇ ಭಾವನ ಫೋನು. ಮೊದಲ ಸಿಂಪರಣೆಗೆ ಮೈಲುತುತ್ತ ಕರಗಿಸಿಟ್ಟು ಸ್ಪ್ರೇಯರ್ ಹಾಕಿದರೆ ಪಂಪು ತಿರುಗುತ್ತಿಲ್ಲವಂತೆ, ಭಾನುವಾರ ಅಂಗಡಿ ಇಲ್ಲ, ಮೋಡ ಕಟ್ಟಿದೆ. ಡಿಕ್ಕಿಯಿಂದ ನನ್ನ ಪಂಪು ಬಿಚ್ಚಿ ಒಯ್ದುಕೊಟ್ಟೆ. ಅಳತೆ ಒಂದೇ, ನಾಲ್ಕು ಸ್ಕ್ರೂ, ಹತ್ತು ನಿಮಿಷದ ಕೆಲಸ. ಸಂಜೆ ವಾಪಸ್ ಕೊಡಲು ಬಂದರು, ತೊಳೆದು ಒರೆಸಿ. ಬೇಡವೆಂದೆ. ಮುಚ್ಚಳದ ಅಂಚಿನಲ್ಲಿ ನೀಲಿ ಗೆರೆ ಆಗಲೇ ಕುಳಿತಿತ್ತು.

ನಾಜಲ್ಲುಗಳನ್ನು ಬಿಚ್ಚಿ ನಿಂಬೆರಸದಲ್ಲಿ ನೆನೆಹಾಕಿದ್ದೇನೆ. ಹೊಸ ಪಂಪು ಮುಂದಿನ ಫೆಬ್ರುವರಿಗೆ.